ಹೊಸ್ತಿಲ ಬಳಿಯ ಎಂಟನೆಯ ಎಲೆ

ವರ್ಷಕ್ಕೆ ಒಂದು ದಿನ ನಾನು ನಶ್ಯ ಹುಡುಕಿಕೊಂಡು ಹೊಸೂರೆಲ್ಲ ಅಲೆಯುತ್ತಿದ್ದೆ. ನನಗೆ ನಶ್ಯದ ಚಟವಿಲ್ಲ. ನಮ್ಮ ವಂಶದಲ್ಲಿ ಈಗ ಉಸಿರಾಡುತ್ತಿರುವ ಯಾರಿಗೂ ಇಲ್ಲ. ಆದರೂ ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಫ್ಯಾಕ್ಟರಿಯಿಂದ ಬರುವಾಗ ಒಂದಿಷ್ಟು ನಶ್ಯ ತರದೆ ಮನೆಗೆ ಕಾಲಿಡುವ ಹಾಗಿರಲಿಲ್ಲ. ಮೊದಲು ಬಸ್ ಸ್ಟ್ಯಾಂಡಿನ ಹಿಂದೆ ಒಂದು ಅಂಗಡಿಯಲ್ಲಿ ಸಿಗುತ್ತಿತ್ತು. ಅಲ್ಲೀಗ ಮೊಬೈಲಿಗೆ ಗಾಜು ಅಂಟಿಸುತ್ತಾರೆ. ಹೋದ ವರ್ಷ ಆರು ಅಂಗಡಿ ತಿರುಗಿದೆ. ಒಬ್ಬ "ಮೂಕ್ಕುಪ್ಪೊಡಿಯಾ?" ಎಂದು ತಮಿಳಿನಲ್ಲಿ ಕೇಳಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಇನ್ನೊಬ್ಬ ಒಳಗಿದ್ದ ತನ್ನ ಅಪ್ಪನನ್ನು ತೆಲುಗಿನಲ್ಲಿ ಕೂಗಿ ಕರೆದು, ಇಂಥವರು ಇನ್ನೂ ಇದ್ದಾರೆ ನೋಡು ಎನ್ನುವಂತೆ ನನ್ನನ್ನು ತೋರಿಸಿದ. ಐವತ್ತೇಳು ವರ್ಷದ, ಮಂಡಿನೋವಿನ, ಸ್ಟೋರ್ಸ್ ವಿಭಾಗದಲ್ಲಿ ಬೋಲ್ಟು ನಟ್ಟು ಎಣಿಸಿ ಕಣ್ಣು ಮಂಜಾದ ಮನುಷ್ಯನಿಗೆ ಬೇಕಾದ ಮರ್ಯಾದೆಯಲ್ಲ ಅದು.

ನಶ್ಯ ಯಾರಿಗೆ ಎಂದು ಹೇಳಬೇಕಾದರೆ ನಮ್ಮ ಮನೆಯ ಎಡೆಯ ವಿಷಯ ಹೇಳಬೇಕು. ಮಹಾಲಯ ಅಮಾವಾಸ್ಯೆಯಂದು ನಾವು ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತವರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಬಾಳೆಲೆ, ಒಂದೊಂದು ಎಲೆಗೂ ಅವರವರಿಗೆ ಇಷ್ಟವಾದದ್ದು. ಮುತ್ತಾತ ಚಿಕ್ಕಮುನಿಯಪ್ಪನಿಗೆ ಕೋಳಿ ಸಾರು, ಮುದ್ದೆ, ಬೀಡಿ. ಮುತ್ತಜ್ಜಿಗೆ ಹುರಿಗಡಲೆ, ಬೆಲ್ಲ. ತಾತನಿಗೆ ಹೇಳಬಾರದ ಒಂದು ಬಾಟಲಿ. ಅಜ್ಜಿಗೆ ಎಲೆ ಅಡಿಕೆ, ಹೊಗೆಸೊಪ್ಪು. ದೊಡ್ಡಪ್ಪನಿಗೆ ಬೇಕರಿಯ ಖಾರದ ಬನ್ನು. ಅಮ್ಮನಿಗೆ ಹುಳಿ ಮುಂದಾಗಿರುವ ಏನಾದರೂ ಸರಿ. ಅಪ್ಪನಿಗೆ ಎರಡು ಒಬ್ಬಟ್ಟು. ಬದುಕಿದ್ದಾಗ ಡಾಕ್ಟರು ಬೇಡ ಎಂದಿದ್ದರು, ಆದರೆ ಸತ್ತ ಮೇಲೆ ಸಕ್ಕರೆ ಕಾಯಿಲೆ ಇರುವುದಿಲ್ಲ ಎಂಬುದು ನಮ್ಮ ದೊಡ್ಡಮ್ಮನ ತೀರ್ಮಾನ. ಸತ್ತವರಿಗೆ ಬಡಿಸುವುದು ಬದುಕಿರುವವರಿಗೆ ಬಡಿಸುವುದಕ್ಕಿಂತ ಕಷ್ಟ. ಅವರು ಯಾರೂ ಸಾಕು ಅನ್ನುವುದಿಲ್ಲ.

ಇವು ಏಳು ಎಲೆ. ಎಂಟನೆಯದು ಬೇರೆ, ಹೊಸ್ತಿಲ ಹತ್ತಿರ. ಅದಕ್ಕೆ ಬಾಡು, ಮಾಂಸ ಸೋಕಬಾರದು. ಬೇರೆ ಪಾತ್ರೆ, ಬೇರೆ ಸೌಟು, ಮೊದಲೇ ಮಾಡಿ ಎತ್ತಿಟ್ಟ ಅನ್ನ ಸಾರು, ಪಕ್ಕದಲ್ಲಿ ಕಾಗದದ ಮೇಲೆ ನಶ್ಯ. ಉಳಿದವರನ್ನೆಲ್ಲ ತಾತ, ಮುತ್ತಾತ ಎಂದು ಕರೆದು ಧೂಪ ಹಾಕಿದ ಮೇಲೆ ಕೊನೆಗೆ "ನಂಜಪ್ಪನೋರೇ, ನೀವೂ ಬನ್ನಿ, ಉಣ್ಣಿ" ಎನ್ನಬೇಕು. ಈ ನಂಜಪ್ಪನವರು ಯಾರು? ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿಲ್ಲದೆ ನಾನು ಕರೆದೆ, ಅಪ್ಪ ಗೊತ್ತಿಲ್ಲದೆ ಕರೆದ, ಅಪ್ಪನ ಅಪ್ಪನಿಗೆ ಗೊತ್ತಿತ್ತೋ ಏನೋ, ಅವನು ಹೇಳಲಿಲ್ಲ.

ಎಡೆ ಇಟ್ಟು ಕರೆದಾದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳಬೇಕು. ಯಾರಾದರೂ ನೋಡುತ್ತಿದ್ದರೆ ಹಿರಿಯರು ಉಣ್ಣುವುದಿಲ್ಲವಂತೆ. ಸ್ವಲ್ಪ ಹೊತ್ತು ಬಿಟ್ಟು, ಗಂಟಲು ಸರಿಮಾಡಿಕೊಂಡು ಕೆಮ್ಮಿ, ಬಾಗಿಲು ತೆಗೆಯಬೇಕು. ಹಳ್ಳಿಯಲ್ಲಿ ಇದು ಚೆನ್ನಾಗಿತ್ತು. ಡೆಂಕಣಿಕೋಟೆಯ ಹತ್ತಿರದ ನಮ್ಮೂರಿನಲ್ಲಿ ಬೀದಿಗೆ ಬೀದಿಯೇ ಬಾಗಿಲು ಹಾಕಿಕೊಂಡು ಜಗಲಿಯ ಮೇಲೆ ಕೂತಿರುತ್ತಿತ್ತು. ಎಂಟು ವರ್ಷದವನಿದ್ದಾಗ ನಾನೊಮ್ಮೆ ನಂಜಪ್ಪನವರನ್ನು ನೋಡಿಯೇ ಬಿಡೋಣ ಎಂದು ಬಾಗಿಲ ಸಂದಿಗೆ ಕಣ್ಣಿಟ್ಟೆ. ಮುತ್ತಾತನ ಎಲೆಯ ಮೇಲಿನ ಕೋಳಿ ತುಂಡನ್ನು ಒಂದು ಬೂದು ಬೆಕ್ಕು ತಿನ್ನುತ್ತಿತ್ತು. ಹೊಸ್ತಿಲ ಬಳಿಯ ಎಲೆಯನ್ನು ಅದು ಮೂಸಿ ಬಿಟ್ಟಿತು. ಯಾರಿಗೂ ಹೇಳಲಿಲ್ಲ. ಎಷ್ಟೋ ತಿಂಗಳು ಆ ಬೆಕ್ಕು ಎದುರಾದಾಗಲೆಲ್ಲ ಕೈಮುಗಿಯುತ್ತಿದ್ದೆ, ಮುತ್ತಾತನೆಂದು.

ಹೊಸೂರಿನ ಕಾಲನಿಯಲ್ಲಿ ಜಗಲಿ ಎಲ್ಲಿ? ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲುತ್ತೇವೆ. ಮೇಲಿನ ಮನೆಯ ತಮಿಳು ಅಕ್ಕ ಪ್ರತಿ ವರ್ಷವೂ "ಎನ್ನ ಸಾರ್, ಪೂಟ್ಟು ಮಾಟ್ಟಿಕ್ಕಿಚ್ಚಾ?" ಎಂದು ಕೇಳುತ್ತಾಳೆ. ಬೀಗ ಸಿಕ್ಕಿಕೊಂಡಿಲ್ಲಮ್ಮಾ, ಒಳಗೆ ನೆಂಟರು ಊಟ ಮಾಡುತ್ತಿದ್ದಾರೆ ಎಂದು ಅವಳಿಗೆ ವಿವರಿಸುವಷ್ಟು ತ್ರಾಣ ನನಗಿಲ್ಲ. ಹೌದು ಎಂದು ತಲೆಯಾಡಿಸುತ್ತೇನೆ.

ಹೀಗೆ ತಲೆಯಾಡಿಸುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಹೊಸೂರಿನಲ್ಲಿ ಯಾರನ್ನು ಹೊಸದಾಗಿ ಕಂಡರೂ ಮೊದಲ ಪ್ರಶ್ನೆ "ಸೊಂದ ಊರು ಎದು?", ಸ್ವಂತ ಊರು ಯಾವುದು ಎಂದು. ನಮ್ಮ ಫ್ಯಾಕ್ಟರಿಯಲ್ಲಿ ಹಾಸನದವರಿದ್ದಾರೆ, ಗದಗದವರಿದ್ದಾರೆ, ಅವರಿಗೆ ಉತ್ತರ ಸಲೀಸು, ಹಬ್ಬಕ್ಕೆ ಬಸ್ಸು ಹತ್ತಿ ಹೋಗಿ ಬರುತ್ತಾರೆ. ನಾನು "ಇದೇ ನಮ್ಮೂರು" ಎಂದರೆ, "ಸರಿ ಸರಿ, ಅದಕ್ಕೂ ಮೊದಲು?" ಎನ್ನುತ್ತಾರೆ. ಕನ್ನಡ ಮಾತಾಡುತ್ತೀರಲ್ಲ, ಎಲ್ಲಿಂದಲೋ ಬಂದಿರಲೇಬೇಕು ಎಂಬ ಲೆಕ್ಕ. ಬೆಂಗಳೂರಿಗೆ ಹೋದರೆ ಅಲ್ಲಿಯವರು ನನ್ನ ಕನ್ನಡ ಕೇಳಿ ನೀವು ತಮಿಳರಾ ಎನ್ನುತ್ತಾರೆ. ಎರಡು ಕಡೆಯೂ ಜಗಳ ಆಡುವ ವಯಸ್ಸು ದಾಟಿತು. ಯಾರು ಏನೆಂದರೂ ಹೌದೆನ್ನುತ್ತೇನೆ.

ನಿಜ ಹೇಳಬೇಕೆಂದರೆ ನಮ್ಮ ವಲಸೆಯ ಕಥೆ ಹೇಳಿಕೊಳ್ಳುವಂಥದ್ದೂ ಅಲ್ಲ. ಬೇರೆಯವರ ಹಿರಿಯರು ಸಮುದ್ರ ದಾಟಿದರು, ಯುದ್ಧ ಮಾಡುತ್ತಾ ದಂಡಿನ ಜೊತೆ ಬಂದರು. ನಮ್ಮವರು ಕನಕಪುರದ ಕಡೆಯಿಂದ ಗಾಡಿ ಕಟ್ಟಿ, ಕಾಡು ದಾಟಿ ಜವಳಗಿರಿಗೆ ಬಂದರಂತೆ. ಅಲ್ಲಿ ಒಂದು ವರ್ಷ. ಅಲ್ಲಿಂದ ಡೆಂಕಣಿಕೋಟೆಯ ಪಕ್ಕದ ಹಳ್ಳಿ. ಅಲ್ಲಿಂದ ನಾನು ಹೊಸೂರು. ಇಷ್ಟು ದೂರವನ್ನು ನನ್ನ ಹಳೇ ಸ್ಕೂಟರು ಅರ್ಧ ದಿನದಲ್ಲಿ ಮುಗಿಸುತ್ತದೆ, ನಾವು ನಾಲ್ಕು ತಲೆಮಾರು ತೆಗೆದುಕೊಂಡೆವು. ಅವಸರ ನಮ್ಮ ರಕ್ತದಲ್ಲೇ ಇಲ್ಲ.

ಈ ವರ್ಷ ಅಮಾವಾಸ್ಯೆಗೆ ಮೂರು ವಾರ ಇರುವಾಗ ನನ್ನ ಹೆಂಡತಿ ರತ್ನ ಮಾತು ತೆಗೆದಳು. ಇಷ್ಟು ವರ್ಷ ಎಡೆಯ ಅಡುಗೆಯ ಯಜಮಾನಿಕೆ ದೊಡ್ಡಮ್ಮನದು. ಅಪ್ಪನ ಅಣ್ಣನ ಹೆಂಡತಿ, ಎಂಬತ್ತು ದಾಟಿದ ಜೀವ, ದೊಡ್ಡಪ್ಪ ಹೋದ ಮೇಲೆ ನಮ್ಮ ಜೊತೆಯಲ್ಲೇ ಇದ್ದಾಳೆ. ಈಗ ಅವಳಿಗೆ ಒಲೆಯ ಮುಂದೆ ನಿಲ್ಲಲು ಆಗುವುದಿಲ್ಲ, ಕೆಲಸವೆಲ್ಲ ರತ್ನಳ ಪಾಲಿಗೆ ಬಂದಿತ್ತು.

"ಏಳು ಎಲೆ ಮಾಡ್ತೀನಿ, ಇಲ್ಲ ಅನ್ನಲ್ಲ," ಎಂದಳು ರತ್ನ. "ಆ ಎಂಟ್ನೇದಕ್ಕೆ ಮಾತ್ರ ಬೇರೆ ಪಾತ್ರೆ, ಬೇರೆ ಅಡುಗೆ ಅಂದ್ರೆ ನನ್ ಕೈಲಿ ಆಗಲ್ಲ. ಯಾರು ಅಂತ ನಿಮಗೇ ಗೊತ್ತಿಲ್ಲ. ಬಿಟ್ಬಿಡಾಣ."

ನನಗೂ ಸಾಕಾಗಿತ್ತು. ನಶ್ಯದ ಅಲೆದಾಟ ತಪ್ಪುತ್ತದಲ್ಲ ಎಂದು ಒಳಗೊಳಗೇ ಹಗುರವೂ ಆಯಿತು. ಸರಿ ಎಂದೆ. ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ ಮಾತಾಡಿದಳು.

"ಬುಡೋದಾದ್ರೆ ಬುಡಿ, ನಾನು ಬ್ಯಾಡ ಅನ್ನಾಕಿಲ್ಲ. ಆದ್ರೆ ಅದ್ಯಾರು ಅಂತ ತಿಳ್ಕಂಡು ಬಂದು ಬುಡು ಕಣ್ಲಾ. ಅರವತ್ತು ವರ್ಸದಿಂದ ಉಣ್ಣಾಕಿಕ್ಕಿವ್ನಿ. ಇವತ್ತೋ ನಾಳೆಯೋ ನಾನೂ ಆ ಕಡೆ ಹೋಯ್ತೀನಿ. ಅಲ್ಲಿ ಎದುರಿಗೆ ಸಿಕ್ಕುದ್ರೆ ಏನಂತ ಕರೀಲಿ ಯೋಳು. ಮಾವ ಅನ್ಲಾ, ಭಾವ ಅನ್ಲಾ, ತಾತ ಅನ್ಲಾ? ಉಣ್ಣಾಕಿಕ್ಕಿದೋಳು ವರಸೆ ಗೊತ್ತಿಲ್ದೆ ಬಾಯಿ ಬಾಯಿ ಬುಟ್ರೆ ಮಾನ ಹೋಗಾಕಿಲ್ವೇನ್ಲಾ?"

ನಗಬೇಕೆನಿಸಿತು, ಆದರೆ ಅವಳ ಮುಖ ನೋಡಿದರೆ ನಗುವ ಹಾಗಿರಲಿಲ್ಲ. ಆ ಎಲೆಗೆ ಬಡಿಸುವಾಗ ದೊಡ್ಡಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಮಾವನಾಗಿದ್ದರೆ ಎಂಬ ಅನುಮಾನಕ್ಕೆ. ಅರವತ್ತು ವರ್ಷ ಅನುಮಾನದಲ್ಲೇ ಸೆರಗು ಹೊದ್ದವಳು ಅವಳು. ಅದನ್ನು ಅಲ್ಲಿಗೂ ಹೊತ್ತುಕೊಂಡು ಹೋಗಬೇಕೆಂಬ ಭಯ ಅವಳಿಗೆ ನಿಜವಾಗಿಯೂ ಇತ್ತು.

ನೆಂಟರಿಗೆ ಫೋನು ಮಾಡಿದೆ. ಮೇಷ್ಟರಾಗಿ ನಿವೃತ್ತನಾದ ನನ್ನ ಚಿಕ್ಕಪ್ಪನ ಮಗ, ಈ ನಂಜಪ್ಪನವರು ಯಾವುದೋ ಪಾಳೇಗಾರರ ಕಡೆಯ ದೊಡ್ಡ ಅಧಿಕಾರಿ, ನಮಗೆ ಅವರ ಸಂಬಂಧವಿದೆ ಎಂದು ಅರ್ಧ ಗಂಟೆ ಹೇಳಿದ. ಆಧಾರ ಕೇಳಿದೆ. ಹೆಸರಿನ ಕೊನೆಗೆ 'ನೋರು' ಇಲ್ಲವೇ, ಅದೇ ಆಧಾರ ಎಂದ. ಸುಳ್ಳು ಎಂದು ತಿಳಿದೂ ಒಂದೆರಡು ದಿನ ನಾನು ಅದನ್ನು ನಂಬಿಕೊಂಡೇ ಓಡಾಡಿದೆ. ಬೋಲ್ಟು ಎಣಿಸುವವನ ರಕ್ತದಲ್ಲೂ ಒಂದು ತೊಟ್ಟು ಅಧಿಕಾರವಿರಲಿ ಎಂಬ ಆಸೆ. ಕೊನೆಗೆ ದೊಡ್ಡಮ್ಮನೇ ಒಂದು ಎಳೆ ಕೊಟ್ಟಳು. "ನಮ್ಮತ್ತೆ ಒಂದು ಕಿತ ಅಂದಿದ್ರು, ಜವಳಗಿರಿ ಬುಟ್ಟು ಬಂದ ವರ್ಸದಿಂದ್ಲೇ ಈ ಎಲೆ ಅಂತ."

ಭಾನುವಾರ ಸ್ಕೂಟರು ಹತ್ತಿದೆ. ರಸ್ತೆಯ ಎರಡು ಕಡೆ ಟೊಮೆಟೊ, ಕೋಸು, ಆಮೇಲೆ ರಾಗಿ, ಆಮೇಲೆ ಕಾಡು. ಆನೆ ದಾಟುವ ಜಾಗ, ನಿಧಾನ ಎಂಬ ಫಲಕಗಳು. ನಿಧಾನಕ್ಕೆ ನನಗೆ ಫಲಕ ಬೇಕಾಗಿರಲಿಲ್ಲ, ಬೆನ್ನು ನೋವೇ ಸಾಕಿತ್ತು. ಜವಳಗಿರಿಯ ಟೀ ಅಂಗಡಿಯಲ್ಲಿ ನಂಜಪ್ಪನವರ ಮನೆ ಕೇಳಿದೆ. "ಯಾವ ನಂಜಪ್ಪ? ಇರೋರಾ, ಸತ್ತೋರಾ?" ಎಂದು ಅಂಗಡಿಯವನು ಕೇಳಿದ. ಬಾಡು ತಿನ್ನದವರು, ಸತ್ತು ನೂರು ವರ್ಷವಾಗಿರಬಹುದು ಎಂದೆ. ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಟೀ ಸೋಸುತ್ತಲೇ ಹುಣಸೆಮರದ ಪಕ್ಕದ ಮನೆಯತ್ತ ಗದ್ದ ಎತ್ತಿ ತೋರಿಸಿದ.

ಆ ಮನೆಯ ಮುಂದೆ ಎಪ್ಪತ್ತೈದರ ಒಬ್ಬ ಮುದುಕ, ಮಲ್ಲಪ್ಪ, ಹಳೇ ತಗಡಿನ ಡಬ್ಬಗಳಿಗೆ ಹಗ್ಗ ಕಟ್ಟುತ್ತಿದ್ದ. ರಾಗಿ ತೆನೆ ಬಂದಾಗ ಆನೆ ಬೆದರಿಸಲು ಈಗಲೇ ತಯಾರಿ. ನಾನು ಚಿಕ್ಕಮುನಿಯಪ್ಪನ ಮರಿಮಗ ಎಂದೆ. ಅವನ ಕೈ ನಿಂತಿತು.

"ಗಾಡಿ ಮುನಿಯಪ್ಪನೋರಾ? ಕನಕಪುರದ ಕಡೆಯೋರು?"

ನನ್ನ ಮುತ್ತಾತನನ್ನು ಬಲ್ಲ ಇನ್ನೊಂದು ಮನೆ ಈ ಲೋಕದಲ್ಲಿದೆ ಎಂದು ನಾನು ಎಣಿಸಿರಲಿಲ್ಲ. ಹೌದು ಎಂದೆ. ಈ ಹೌದು ಮಾತ್ರ ಅಭ್ಯಾಸದ್ದಲ್ಲ.

"ನಂಜಪ್ಪ ಅಂದ್ರೆ ನಮ್ಮ ತಾತ," ಎಂದ ಮಲ್ಲಪ್ಪ. "ಕೂತ್ಕಳಿ. ನಿಮಗೆ ಅವ್ನು ಏನೂ ಆಗ್ಬೇಕಾಗಿಲ್ಲ. ನಿಮ್ಮ ಜಾತಿಯೋನೂ ಅಲ್ಲ. ನಿಮ್ಮೋರು ಬಂದಾಗ ಗಾಡೀಲಿ ಎರಡು ಮಕ್ಳಿಗೆ ಕೆಟ್ಟ ಜ್ವರ ಇತ್ತಂತೆ. ಊರ್ನೋರು ಯಾರೂ ಒಳೀಕೆ ಬುಡ್ಲಿಲ್ಲ. ನಮ್ಮ ತಾತ ಕೊಟ್ಟಿಗೆ ಬುಟ್ಕೊಟ್ಟ. ದಿನಾ ಎರಡೊತ್ತು ಎಲೆ ಮ್ಯಾಲೆ ಅನ್ನ ಆಕ್ಕಂಡು ಹೋಗಿ, ಕೊಟ್ಟಿಗೆ ಬಾಗ್ಲಲ್ಲಿ ಮಡ್ಗಿ, ದೂರ ನಿಂತ್ಕಂಡು, ತಗಳ್ರಪ್ಪಾ ಉಣ್ಣಿ ಅನ್ನೋನಂತೆ. ನಿಮ್ಮ ಮಕ್ಳು ಉಳ್ಕಂಡ್ವು. ಜ್ವರ ನಮ್ಮ ತಾತನ್ನ ಹಿಡೀತು. ಎಂಟೇ ದಿನ. ಮೂವತ್ತು ದಾಟಿರ್ಲಿಲ್ಲ ಅವನ್ಗೆ."

ಆ ಎರಡು ಮಕ್ಕಳಲ್ಲಿ ಒಂದು ನನ್ನ ತಾತ. ಪಾಳೇಗಾರರ ಅಧಿಕಾರಿಯನ್ನು ಹುಡುಕಿಕೊಂಡು ಬಂದವನು ನಾನು. ನಮ್ಮ ಮನೆಯಲ್ಲಿ ಮೂರು ತಲೆಮಾರು ಎಲೆಯನ್ನು ನೆನಪಿಟ್ಟುಕೊಂಡು ಕಾರಣವನ್ನು ಮರೆತಿತ್ತು. ಬೇಕೆಂದೇ ಮರೆತಿದ್ದರೂ ಇರಬಹುದು; ಮಕ್ಕಳಿಗೆ ಇಂಥದ್ದನ್ನು ಯಾರು ಹೇಳುತ್ತಾರೆ?

"ನಿಮಗೆ ನಮ್ಮ ಮೇಲೆ ಕೋಪ ಇರ್ಬೇಕಲ್ವಾ?" ಎಂದೆ.

"ನಮ್ಮಜ್ಜಿಗಿತ್ತು. ನಿಮ್ಮೋರು ಊರು ಬುಡೋ ದಿನ ಬಾಗ್ಲು ತೆಗೀನಿಲ್ವಂತೆ. ನಿಮ್ಮ ಮುತ್ತಾತ ಹೊಸ್ತಿಲಿಗೆ ಅಣೆ ಅಚ್ಚಿ ಹೋದ್ನಂತೆ. ಅಜ್ಜಿ ಜತೇಲಿ ಕೋಪಾನೂ ಹೋಯ್ತು. ನನಗೆ ಕೋಪ ಮಾಡ್ಕಳಾಕೂ ಈಗ ಕಸುವಿಲ್ಲ ಬುಡಿ." ಅವನು ಮಂಡಿ ನೀವಿಕೊಂಡ. ನಾನೂ ನನ್ನದನ್ನು ನೀವಿಕೊಂಡೆ. "ಅದ್ಸರಿ, ಎಲೆ ಇಕ್ತೀರಾ? ಈಗ್ಲೂ? ಏನೇನು ಬಡಿಸ್ತೀರಿ?"

ಅನ್ನ, ಬೇಳೆ ಸಾರು, ಕಜ್ಜಾಯ, ಬಾಳೆಹಣ್ಣು, ನಶ್ಯ ಎಂದೆ.

"ನಶ್ಯವಾ? ನಮ್ಮನೇಲಿ ಯಾರೂ ನಶ್ಯ ಮುಟ್ದೋರಲ್ಲ!" ಮಲ್ಲಪ್ಪ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. "ಪಾಪ, ನೂರು ವರ್ಸದಿಂದ ನಿಮ್ಮನೇಲಿ ಸೀನ್ತಾ ಕೂತವ್ನೆ."

ನಾನೂ ನಕ್ಕೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆಮೇಲೆ ಅದು ನಿಲ್ಲಲಿಲ್ಲ. ಮಲ್ಲಪ್ಪ ಒಳಗೆ ಹೋಗಿ ಒಂದು ಚೊಂಬು ನೀರು ತಂದುಕೊಟ್ಟು, ಮತ್ತೆ ಡಬ್ಬ ಕಟ್ಟತೊಡಗಿದ.

ಬಂದ ಕೆಲಸ ಹೇಳಲೇಬೇಕಿತ್ತು. ಮನೆಯಲ್ಲಿ ವಯಸ್ಸಾದವರಿಗೆ ಕೈಲಾಗುತ್ತಿಲ್ಲ, ಈ ವರ್ಷದಿಂದ ಆ ಎಲೆ ನಿಲ್ಲಿಸೋಣ ಅಂತಿದ್ದೇವೆ, ನೀವೇ ಇಡುವುದಾದರೆ ಎಂದು ತಡವರಿಸಿದೆ.

"ನಮ್ಮಲ್ಲಿ ಎಡೆ ಇಕ್ಕೋ ವಾಡಿಕೆ ಇಲ್ಲ. ಗದ್ದುಗೆಗೆ ಹೂವು ಮಡ್ಗಿ ಕೈ ಮುಗೀತೀವಿ, ಅಷ್ಟೇಯ. ನೀವು ನಿಲ್ಸಿ. ಅವ್ನು ನಿಮ್ಗೆ ಒಂದು ತಿಂಗ್ಳು ಇಕ್ಕಿದ್ದ. ನೀವು ನೂರು ವರ್ಸ ಇಕ್ಕಿದ್ದೀರಿ. ಸಾಕು. ನಾವೇನೂ ಅನ್ಕಳಾಕಿಲ್ಲ."

ನನಗೆ ಬೇಕಾಗಿದ್ದ ಮಾತೇ ಅದು. ಇಷ್ಟು ಸುಲಭವಾಗಿ ಸಿಗುತ್ತದೆಂದು ಎಣಿಸಿರಲಿಲ್ಲ. ಕಾಡಿನ ರಸ್ತೆಯಲ್ಲಿ ವಾಪಸು ಬರುವಾಗ ಅದನ್ನು ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡರೂ ಹಗುರವಾಗಲಿಲ್ಲ. ನಾಚಿಕೆಯಾಗುತ್ತಿತ್ತು. ಬದುಕಿನಲ್ಲಿ ಎಷ್ಟೋ ಕೆಲಸವನ್ನು ಸುಸ್ತು ಎಂದು ಬಿಟ್ಟಿದ್ದೇನೆ, ಅದಕ್ಕೆಲ್ಲ ನನ್ನ ಬಳಿ ಸಮಜಾಯಿಷಿ ಇದೆ. ಇದಕ್ಕೆ ಮಾತ್ರ ಸಿಗಲಿಲ್ಲ.

ಮನೆಗೆ ಬಂದು ಕೈಕಾಲು ತೊಳೆದು, ದೊಡ್ಡಮ್ಮನ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅಡುಗೆಮನೆಯ ಬಾಗಿಲಲ್ಲಿ ರತ್ನ ನಿಂತು ಕೇಳಿಸಿಕೊಂಡಳು. ಮಾವನೂ ಅಲ್ಲ, ಭಾವನೂ ಅಲ್ಲ, ನಮಗೆ ಏನೂ ಆಗಬೇಕಾದವರಲ್ಲ ದೊಡ್ಡಮ್ಮ, ನಮ್ಮವರ ಜ್ವರದಿಂದ ಸತ್ತವರು ಎಂದೆ. ಬೈಯುತ್ತಾಳೆ, ಅಳುತ್ತಾಳೆ, ಇಲ್ಲವೇ ದೇವರಿಗೆ ತಪ್ಪು ಕಾಣಿಕೆ ಹಾಕು ಅನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಹಿಡಿದದ್ದು ಬೇರೆಯೇ ಮಾತನ್ನು.

"ಮೂವತ್ತು ಆಗಿರ್ಲಿಲ್ವಾ?"

"ಇಲ್ಲ."

"ಅಯ್ಯೋ ಶಿವನೇ. ನಾನು ಮುದುಕ ಅಂತ ತಿಳ್ಕಂಡಿದ್ನಲ್ಲಾ. ಹಲ್ಲಿರಾಕಿಲ್ಲ ಅಂತ ಅನ್ನ ಮೆತ್ತಗೆ ಇಸುಕಿ ಇಸುಕಿ ಇಕ್ತಿದ್ದೆ. ಒಂದು ವಡೆ ಆಕ್ತಿರ್ಲಿಲ್ಲ, ಕಡಿಯಾಕಾಗಾಕಿಲ್ಲ ಅಂತ. ವಯಸ್ನುಡುಗ. ಅರವತ್ತು ವರ್ಸ ಗಂಜಿ ಉಣ್ಣಿಸ್ಬುಟ್ಟೆ."

ಎಲೆ ಬಿಡುವ, ಇಡುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಅಮಾವಾಸ್ಯೆಯ ದಿನ ನಾನು ಮಧ್ಯಾಹ್ನದ ಶಿಫ್ಟಿಗೆ ಹೋಗಬೇಕಿತ್ತು, ಹಾಗಾಗಿ ಎಡೆ ಬೇಗ. ಎದ್ದು ನೋಡಿದರೆ ಕೋಳಿ ಸಾರಿಗೆ ಮೊದಲೇ ರತ್ನ ಬೇರೆ ಪಾತ್ರೆಯಲ್ಲಿ ಅನ್ನ ಸಾರು ಮಾಡಿ ಮುಚ್ಚಿಟ್ಟಿದ್ದಳು. ಪಕ್ಕದಲ್ಲಿ ನಶ್ಯದ ಬದಲು ಒಂದು ತಟ್ಟೆ ವಡೆ, ಗರಿಗರಿಯಾಗಿ. ನಾನು ಅವಳನ್ನು ನೋಡಿದೆ. "ಏನ್ ನೋಡ್ತೀರಿ, ಬಾಳೆಲೆ ತೊಳೀರಿ," ಎಂದಳು.

ಏಳು ಎಲೆಗೆ ಬಡಿಸಿದ್ದಾಯಿತು. ಎಂಟನೆಯದಕ್ಕೆ ತಾನೇ ಬಡಿಸುವೆನೆಂದು ದೊಡ್ಡಮ್ಮ ಗೋಡೆ ಹಿಡಿದುಕೊಂಡು ಬಂದಳು. ಸೆರಗು ತಲೆಯ ಮೇಲೆ ಹೋಗಲಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ಎಲ್ಲರನ್ನೂ ಕರೆದು ಧೂಪ ಹಾಕಿದೆ. ಕೊನೆಗೆ ನಂಜಪ್ಪನವರನ್ನೂ ಕರೆದೆ. ಇನ್ನು ಹೊರಗೆ ಹೋಗೋಣ ಎಂದು ದೊಡ್ಡಮ್ಮನ ತೋಳು ಹಿಡಿದರೆ ಅವಳು ಆ ಎಲೆಯ ಮುಂದೆ ಕೂತುಬಿಟ್ಟಳು.

"ನೀವು ನಡೀರಿ. ನಾನು ಇಲ್ಲೇ ಇರ್ತೀನಿ."

"ಯಾರೂ ಇರ್ಬಾರ್ದಲ್ಲ ದೊಡ್ಡಮ್ಮ. ಯಾರಾದ್ರೂ ಇದ್ರೆ ಅವರು ಉಣ್ಣಲ್ಲ."

"ನಾನೂ ಅರ್ಧ ಆ ಕಡೆಯೋಳೇ ಕಣ್ಲಾ, ನನ್ನ ಕಂಡ್ರೆ ಯಾರೂ ಎದರಾಕಿಲ್ಲ. ಇಷ್ಟು ವರ್ಸ ಎಲೆ ಮಡ್ಗಿ ಮಡ್ಗಿ ದೂರ ಓಡೋಗಿದ್ದಾಯ್ತು. ಇವತ್ತಾದ್ರೂ ಒಬ್ರು ಹತ್ರ ಕೂತು ಇಕ್ಲಿ. ಬಾಗ್ಲಾಕು."

ಬಾಗಿಲು ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತೆವು. ಒಳಗೆ ತಟ್ಟೆಯ ಸದ್ದು, ಬಳೆಯ ಸದ್ದು. ಆಮೇಲೆ ದೊಡ್ಡಮ್ಮನ ದನಿ, ಮೆಲ್ಲಗೆ, ಆದರೆ ಸ್ಪಷ್ಟವಾಗಿ.

"ಇನ್ನೊಂದು ವಡೆ ಆಕ್ತೀನಿ, ತಡಿ. ಸಾಕು ಅನ್ಬ್ಯಾಡ ಕಣ್ ಮಗ. ಈ ವಯಸ್ನಲ್ಲಿ ಉಣ್ದೆ ಇನ್ಯಾವಾಗ ಉಂಡೀಯೇ?"

ರತ್ನ ಸೆರಗಿನಿಂದ ಮುಖ ಒರೆಸಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕೈಗಡಿಯಾರ ನೋಡಿ, "ಕೆಮ್ಮಿ ಬಾಗ್ಲು ತೆಗೀರಿ, ನಿಮಗೆ ಶಿಫ್ಟಿಗೆ ಹೊತ್ತಾಯ್ತು," ಎಂದಳು.

ನಾನು ಮೆಟ್ಟಿಲ ಮೇಲೆ ಕೂತುಕೊಂಡೆ. "ಇರು," ಎಂದೆ. "ಇನ್ನೂ ಉಣ್ತಾ ಅವ್ನೆ."